ತಂದಿಟ್ಟವರು ಯಾರು?

1969ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕಪ್ಪುಜನರ ಬಡಾವಣೆಗಳಲ್ಲಿ ಕೆಲವು ವ್ಯಂಗ್ಯಚಿತ್ರಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಅಲ್ಲಿ ಆಗ ಎರಡು ಸಂಘಟನೆಗಳ ನಡುವೆ ಮುಖ ಕೊಟ್ಟು ಮಾತಾಡದಷ್ಟು ಹಗೆ ಬೆಳೆದಿತ್ತು. ಒಂದು ಬ್ಲ್ಯಾಕ್ ಪ್ಯಾಂಥರ್ ಪಕ್ಷ, ಇನ್ನೊಂದು ಮೌಲಾನಾ ಕರೆಂಗಾ ಮುಂದಾಳುತನದ ‘ಅಸ್’. ಚಿತ್ರಗಳಲ್ಲಿ ಒಂದು ಬಣ ಇನ್ನೊಂದನ್ನು ಹೀನಾಯವಾಗಿ ಗೇಲಿ ಮಾಡಿತ್ತು. ನೋಡಿದವರಿಗೆ ಅನುಮಾನವೇ ಬರಲಿಲ್ಲ, ಇದು ಎದುರಿನವರ ಕೆಲಸವೇ ಎಂದುಕೊಂಡರು. ಆದರೆ ಚಿತ್ರ ಬರೆಸಿ ಹಂಚಿಸಿದ್ದು ಎಫ್‌ಬಿಐ. ಎರಡೂ ಬಣಗಳ ಜಗಳವನ್ನು ಬಳಸಿಕೊಳ್ಳಿ ಎಂದು ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ತಮ್ಮ ಕಚೇರಿಗಳಿಗೆ 1968ರ ನವೆಂಬರಿನಲ್ಲೇ ಬರೆದಿದ್ದರು. 1969ರ ಜನವರಿ 17ರಂದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಆವರಣದಲ್ಲಿ ಬಂಚಿ ಕಾರ್ಟರ್ ಮತ್ತು ಜಾನ್ ಹಗಿನ್ಸ್ ಎಂಬ ಇಬ್ಬರು ಪ್ಯಾಂಥರ್ ನಾಯಕರು ಗುಂಡಿಗೆ ಬಲಿಯಾದರು. ಅದರ ಮೇಲೂ ಚಿತ್ರಗಳು ಬರುವುದು ನಿಲ್ಲಲಿಲ್ಲ. ಸ್ಯಾನ್ ಡಿಯಾಗೋ ಕಚೇರಿಯಂತೂ, ಊರಿನ ಆ ಭಾಗದಲ್ಲಿ ನಡೆಯುತ್ತಿರುವ ಹೊಡೆದಾಟ, ಗುಂಡಿನ ದಾಳಿಗಳಲ್ಲಿ ನಮ್ಮ ಕಾರ್ಯಕ್ರಮದ ಪಾಲು ಗಣನೀಯವಾಗಿದೆ ಎಂದು ಹೆಮ್ಮೆಯಿಂದ ಮೇಲಧಿಕಾರಿಗಳಿಗೆ ವರದಿ ಮಾಡಿ, ಹೊಸದೊಂದು ಚಿತ್ರಕ್ಕೆ ಅನುಮತಿ ಕೇಳಿತು. ಈ ಕಾಗದಗಳನ್ನು ಸೆನೆಟರ್ ಫ್ರ್ಯಾಂಕ್ ಚರ್ಚ್ ನೇತೃತ್ವದ ಸಮಿತಿ 1976ರಲ್ಲಿ ಬಯಲಿಗಿಟ್ಟಿತು.

ಇದರಲ್ಲಿ ಹಾಡಿಲ್ಲ, ಎದುರಾಳಿಯನ್ನು ಹಾಡಿನಲ್ಲೇ ಬೈಯುವ ‘ಡಿಸ್ ಟ್ರ್ಯಾಕ್’ ಇಲ್ಲ. ರ‍್ಯಾಪ್ ಎಂಬ ಸಂಗೀತವೇ ಇನ್ನೂ ಹುಟ್ಟಿರಲಿಲ್ಲ. ಆದರೂ ಒಬ್ಬ ರ‍್ಯಾಪರ್ ಇನ್ನೊಬ್ಬನನ್ನು ಹಾಡಿನಲ್ಲಿ ಬೈದಾಗಲೆಲ್ಲ ಅಮೆರಿಕದ ಕಪ್ಪುಜನರ ಕ್ಷೌರದಂಗಡಿಗಳಲ್ಲಿ ಏಳುವ ಮೊದಲ ಪ್ರಶ್ನೆ, “ಇವರಿಬ್ಬರಿಗೆ ತಂದಿಟ್ಟವರು ಯಾರು?” ಎಂಬುದಾಗಿದ್ದರೆ, ಅದರ ಬೇರು ಆ ವ್ಯಂಗ್ಯಚಿತ್ರಗಳಲ್ಲಿದೆ. ಹುಳಿ ಹಿಂಡುವ ಕಾಣದ ಕೈಯೊಂದಿದೆ ಎಂಬ ಗುಮಾನಿಯನ್ನು ಆ ಜನ ಸಿನಿಮಾ ನೋಡಿ ಕಲಿತದ್ದಲ್ಲ. ಸರ್ಕಾರದ ಮೊಹರಿದ್ದ ಕಡತಗಳಲ್ಲೇ ಅದನ್ನು ಓದಿದ್ದಾರೆ. ಹಾಗೆಂದು ಆಮೇಲಿನ ನಲವತ್ತು ವರ್ಷಗಳ ಪ್ರತಿಯೊಂದು ಬೈಗುಳದ ಹಾಡಿನ ಹಿಂದೆಯೂ ಅದೇ ಕೈ ಇತ್ತೇ? ಇದ್ದ ಕೈಗಳು ಬೇರೆ. ಅವು ತೀರಾ ಮಾಮೂಲಿ ಕೈಗಳು: ರೇಡಿಯೊ ನಿರೂಪಕರದು, ಕ್ಯಾಸೆಟ್ ಮಾರುವವರದು, ಕರಾರುಪತ್ರ ಬರೆಯುವ ವಕೀಲರದು.

ಎದುರುಬದುರು ನಿಂತು ಬೈದಾಡುವುದು ರ‍್ಯಾಪ್‌ಗಿಂತ ಹಳೆಯ ಕಲೆ. ‘ಡಜನ್ಸ್’ ಎಂಬ ಆಟದಲ್ಲಿ ಇಬ್ಬರು ಹುಡುಗರು ಸುತ್ತ ಜನ ಕೂಡಿಸಿಕೊಂಡು ಒಬ್ಬರ ತಾಯಿಯನ್ನು ಇನ್ನೊಬ್ಬರು ಹೀಗಳೆಯುತ್ತಾರೆ. ನಗಿಸಿದವನು ಗೆದ್ದ, ಸಿಟ್ಟಿಗೆದ್ದು ಕೈಯೆತ್ತಿದವನು ಸೋತ. ಇಡೀ ರಾತ್ರಿ ಹರನ ಪಕ್ಷ ಒಬ್ಬರು, ಶಕ್ತಿಯ ಪಕ್ಷ ಇನ್ನೊಬ್ಬರು ಹಿಡಿದು ಸವಾಲ್-ಜವಾಬ್ ಹಾಡುವ ಹರದೇಶಿ-ನಾಗೇಶಿ ಮೇಳಗಳನ್ನು ಕೇಳಿ ಬೆಳೆದ ಉತ್ತರ ಕರ್ನಾಟಕದವರಿಗೆ ಈ ಕಟ್ಟಳೆಯನ್ನು ಬಿಡಿಸಿ ಹೇಳಬೇಕಿಲ್ಲ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯಿಂದ ಹಿಪ್-ಹಾಪ್‌ನ ಲೆಕ್ಕ ಶುರುವಾಗುತ್ತದೆ. 1981ರ ಡಿಸೆಂಬರಿನಲ್ಲಿ ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್ಬಿನಲ್ಲಿ ಬಿಜಿ ಬೀ ಎಂಬ ಜನಪ್ರಿಯ ಕುಶಾಲಿನ ಹಾಡುಗಾರನನ್ನು ಕೂಲ್ ಮೋ ಡೀ ವೇದಿಕೆ ಮೇಲೆಯೇ ಎಳೆಎಳೆಯಾಗಿ ಬಿಡಿಸಿಹಾಕಿದ. ಅದರ ರೆಕಾರ್ಡಿಂಗ್ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲಾಗುತ್ತ ನ್ಯೂಯಾರ್ಕ್ ತುಂಬ ಹರಡಿತು. ಬೈಗುಳಕ್ಕೆ ಗಿರಾಕಿ ಇದ್ದಾರೆ ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಅದನ್ನು ಮೊದಲು ವ್ಯಾಪಾರವಾಗಿ ಕಂಡುಕೊಂಡವರ ಕಥೆ ಸೊಗಸಾಗಿದೆ. 1984ರಲ್ಲಿ ಯುಟಿಎಫ್‌ಒ ಎಂಬ ತಂಡ ತಮ್ಮ ಕಡೆ ತಿರುಗಿಯೂ ನೋಡದ ಹುಡುಗಿಯೊಬ್ಬಳ ಮೇಲೆ ‘ರಾಕ್ಸ್ಯಾನ್, ರಾಕ್ಸ್ಯಾನ್’ ಎಂಬ ಹಾಡು ಕಟ್ಟಿ ಹೆಸರು ಮಾಡಿತು. ರೇಡಿಯೊದಲ್ಲಿ ರ‍್ಯಾಪ್‌ಗೆ ಜಾಗ ಮಾಡಿಕೊಟ್ಟಿದ್ದ ಮಿಸ್ಟರ್ ಮ್ಯಾಜಿಕ್ ಏರ್ಪಡಿಸಿದ್ದ ಕಾರ್ಯಕ್ರಮಕ್ಕೆ ಆ ತಂಡ ಕೈಕೊಟ್ಟಿತು. ಮ್ಯಾಜಿಕ್, ಅವನ ಜೊತೆಗಾರ ಮಾರ್ಲಿ ಮಾರ್ಲ್ ಎಲ್ಲ ಸೇರಿ ಗೊಣಗುತ್ತಿದ್ದದ್ದು ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದ ಹದಿನಾಲ್ಕರ ಹುಡುಗಿಯೊಬ್ಬಳ ಕಿವಿಗೆ ಬಿತ್ತು. ನಾನೇ ರಾಕ್ಸ್ಯಾನ್ ಆಗಿ ಅವರಿಗೆ ಉತ್ತರ ಕೊಡುತ್ತೇನೆ ಎಂದಳು. ಬಟ್ಟೆ ಒಗೆಯಲು ಹೊರಟಿದ್ದವಳು ದಾರಿಯಲ್ಲಿ ಮಾರ್ಲಿಯ ಮನೆಗೆ ಹೋಗಿ, ಯುಟಿಎಫ್‌ಒದವರದೇ ತಾಳದ ಮೇಲೆ ಬಾಯಿಗೆ ಬಂದಂತೆ ಹಾಡಿ ಬಂದಳೆಂದು ಕಥೆ. ‘ರಾಕ್ಸ್ಯಾನ್ಸ್ ರಿವೆಂಜ್’ ಎಂಬ ಆ ಹಾಡಿನಿಂದ ಅವಳು ರಾಕ್ಸ್ಯಾನ್ ಶಾಂಟೆ ಆದಳು. ಯುಟಿಎಫ್‌ಒ ಕಡೆಯವರು ಸುಮ್ಮನಿರಲಿಲ್ಲ. ‘ನಿಜವಾದ ರಾಕ್ಸ್ಯಾನ್’ ಎಂದು ಬೇರೊಬ್ಬಳನ್ನು ಕಣಕ್ಕಿಳಿಸಿದರು. ಆಮೇಲೆ ರಾಕ್ಸ್ಯಾನಳ ಅಪ್ಪ-ಅಮ್ಮನ ಹಾಡು, ಅಣ್ಣಂದಿರ ಹಾಡು, ಡಾಕ್ಟರ ಹಾಡು ಹೀಗೆ ಹತ್ತಾರು ರೆಕಾರ್ಡುಗಳು ಸಾಲುಗಟ್ಟಿದವು. ಇಲ್ಲಿ ತಂದಿಟ್ಟವರು ಯಾರೆಂದು ಹುಡುಕಬೇಕಾಗಿಯೇ ಇಲ್ಲ. ಕೈಕೊಟ್ಟ ಕಾರ್ಯಕ್ರಮದಿಂದ ನಷ್ಟವಾದವರು, ರೆಕಾರ್ಡು ಮಾರಾಟವಾದರೆ ಲಾಭವಿದ್ದವರು. ಎಲ್ಲ ಎದುರಿಗೇ ಇದ್ದರು.

ಮಜವೆಂದರೆ, ಇಷ್ಟು ಬಹಿರಂಗವಾಗಿದ್ದ ಜಗಳಕ್ಕೂ ಕಾಲು ಶತಮಾನದ ಬಳಿಕ ಒಂದು ಗುಪ್ತ ಕರಾರಿನ ಪುರಾಣ ಹುಟ್ಟಿಕೊಂಡಿತು. ಶಾಂಟೆಯ ಹಳೆಯ ಒಪ್ಪಂದದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಷರತ್ತಿತ್ತು, ಅದರ ಬಲದಿಂದ ಅವಳು ವಾರ್ನರ್ ಕಂಪನಿಯ ಖರ್ಚಿನಲ್ಲೇ ಓದಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಳು ಎಂದು 2009ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆ ಬರೆಯಿತು. ದೊಡ್ಡ ಕಂಪನಿಗೆ ಮಣ್ಣುಮುಕ್ಕಿಸಿದ ಬಡ ಹುಡುಗಿಯ ಕಥೆ ಯಾರಿಗೆ ಬೇಡ? ಒಂದೇ ತಿಂಗಳಲ್ಲಿ ‘ಸ್ಲೇಟ್’ ಪತ್ರಿಕೆ ವಿಚಾರಿಸಿ ನೋಡಿದರೆ ಅಂಥ ಡಾಕ್ಟರೇಟೂ ಇಲ್ಲ, ಅಂಥ ಷರತ್ತೂ ಇಲ್ಲ. ಕಂಪನಿಗಳ ಕಾಗದದಲ್ಲಿ ಏನೋ ಅಡಗಿದೆ ಎಂದು ನಂಬಲು ಓದುಗರಷ್ಟೇ ಪತ್ರಕರ್ತರೂ ತುದಿಗಾಲಲ್ಲಿ ನಿಂತಿರುತ್ತಾರೆ.

ಮುಂದಿನ ದೊಡ್ಡ ಕದನ ಎರಡು ಬಡಾವಣೆಗಳದು. ಕ್ವೀನ್ಸ್‌ಬ್ರಿಜ್‌ನ ಎಂಸಿ ಶಾನ್ ತನ್ನ ಕೇರಿಯಲ್ಲಿ ಇದೆಲ್ಲ ಹೇಗೆ ಶುರುವಾಯಿತೆಂದು ‘ದಿ ಬ್ರಿಜ್’ ಹಾಡಿದ. ಹಿಪ್-ಹಾಪ್ ಹುಟ್ಟಿದ್ದೇ ತಮ್ಮಲ್ಲಿ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದಾನೆಂದು ಬ್ರಾಂಕ್ಸ್‌ನವರು ಅರ್ಥಮಾಡಿಕೊಂಡರು. ನಿರ್ಗತಿಕರ ಆಶ್ರಯಧಾಮದಲ್ಲಿದ್ದ ಕೆಆರ್‌ಎಸ್-ಒನ್, ಅಲ್ಲೇ ಸಮಾಜ ಕಾರ್ಯಕರ್ತನಾಗಿದ್ದ ಸ್ಕಾಟ್ ಲಾ ರಾಕ್ ಜೊತೆ ಸೇರಿ ‘ಸೌತ್ ಬ್ರಾಂಕ್ಸ್’, ‘ದಿ ಬ್ರಿಜ್ ಈಸ್ ಓವರ್’ ಎಂದು ತಿರುಗೇಟು ಕೊಟ್ಟ. ಮೇಲುನೋಟಕ್ಕೆ ಇದು ಮೂಲಸ್ಥಾನದ ಜಗಳ. ಒಳಗಿದ್ದದ್ದು ಎರಡು ರೇಡಿಯೊ ಕಾರ್ಯಕ್ರಮಗಳ ಪೈಪೋಟಿ. ಬ್ರಾಂಕ್ಸ್ ಹುಡುಗರ ಮೊದಲ ರೆಕಾರ್ಡನ್ನು ಮಿಸ್ಟರ್ ಮ್ಯಾಜಿಕ್ ಕಸವೆಂದು ತಳ್ಳಿಹಾಕಿದ್ದ. ಎದುರಿನ ಕಿಸ್ ಎಫ್‌ಎಂನ ಡಿಜೆ ರೆಡ್ ಅಲರ್ಟ್ ಅವರ ಹಾಡುಗಳನ್ನು ಎತ್ತಿಕೊಂಡು ಮೆರೆಸಿದ. ಬೈಸಿಕೊಂಡವನು ಶಾನ್, ಆದರೆ ಏಟು ಬಿದ್ದದ್ದು ಮ್ಯಾಜಿಕ್‌ಗೆ. 1987ರ ಆಗಸ್ಟಿನಲ್ಲಿ ಸ್ಕಾಟ್ ಲಾ ರಾಕ್ ಗುಂಡೇಟಿಗೆ ಸತ್ತಾಗ ಎಲ್ಲರ ಕಣ್ಣು ಕ್ವೀನ್ಸ್‌ಬ್ರಿಜ್ ಕಡೆ ತಿರುಗಿತು. ಕೊಲೆಗೂ ಹಾಡಿಗೂ ಸಂಬಂಧವಿರಲಿಲ್ಲ. ತಂಡದ ಹುಡುಗನೊಬ್ಬನ ಮೇಲಾದ ಹಲ್ಲೆಯ ಪಂಚಾಯಿತಿಗೆ ಹೋಗಿದ್ದಾಗ ನಡೆದದ್ದು ಅದು. ಹತ್ತು ವರ್ಷ ಕಳೆಯುವುದರೊಳಗೆ ಶಾನ್ ಮತ್ತು ಕೆಆರ್‌ಎಸ್-ಒನ್ ಇಬ್ಬರೂ ಬಾಕ್ಸಿಂಗ್ ಕಣದಲ್ಲಿ ಎದುರುಬದುರಾಗಿ ಸ್ಪ್ರೈಟ್ ಜಾಹೀರಾತಿನಲ್ಲಿ ಕಾಣಿಸಿಕೊಂಡರು.

ಕಾಣದ ಕೈಯ ಕಥೆಗಳೆಲ್ಲ ಒಂದು ತೂಕವಾದರೆ ರ‍್ಯಾಪರ್ ಈಝಿ-ಇಯ ಕರಾರುಪತ್ರ ಒಂದು ತೂಕ. ಲಾಸ್ ಏಂಜಲೀಸ್ ಬಳಿಯ ಕಾಂಪ್ಟನ್‌ನಿಂದ ಬಂದ, ಈಝಿಯೂ ಇದ್ದ ಎನ್‌ಡಬ್ಲ್ಯೂಎ ತಂಡದಿಂದ ಐಸ್ ಕ್ಯೂಬ್ 1989ರಲ್ಲಿ ಹಣದ ತಕರಾರಿನಲ್ಲಿ ಹೊರನಡೆದ. ಎರಡು ವರ್ಷದ ಬಳಿಕ ಅವನು ಹಾಡಿದ ‘ನೋ ವ್ಯಾಸಲೀನ್’ ಹಳೆಯ ಗೆಳೆಯರನ್ನೂ ಅವರ ಮ್ಯಾನೇಜರ್ ಜೆರ್ರಿ ಹೆಲ್ಲರ್‌ನನ್ನೂ ಒಟ್ಟಿಗೆ ಜಾಡಿಸಿತು. ಯೆಹೂದ್ಯ ದ್ವೇಷದ ಮಾತಿದೆಯೆಂಬ ಖಂಡನೆಯೂ ಬಂತು. ಕ್ಯೂಬ್ ಬಳಿಕ ಅದೇ ತಂಡದ ಡಾಕ್ಟರ್ ಡ್ರೇ ಕೂಡ ಈಝಿಯ ರೂತ್‌ಲೆಸ್ ಕಂಪನಿ ತೊರೆದು ಷುಗ್ ನೈಟ್ ಜೊತೆ ಡೆತ್ ರೋ ಎಂಬ ಕಂಪನಿ ಕಟ್ಟಿದ. 1992ರ ಡಿಸೆಂಬರಿನ ‘ದಿ ಕ್ರಾನಿಕ್’ ಆಲ್ಬಂನಲ್ಲಿ ಈಝಿಯ ಮಾನ ಹರಾಜಾಯಿತು, ವಿಡಿಯೊದಲ್ಲಿ ಅವನ ಅಣಕು ವೇಷವೇ ಇತ್ತು. ಕೇಳುಗರಿಗೆ ಗೊತ್ತಿಲ್ಲದಿದ್ದ ಸಂಗತಿಯೆಂದರೆ, ಡ್ರೇಯನ್ನು ಬಿಟ್ಟುಕೊಡುವಾಗ ರೂತ್‌ಲೆಸ್ ಮತ್ತು ಡೆತ್ ರೋದ ಹಾಡುಗಳನ್ನು ಹಂಚುತ್ತಿದ್ದ ಇಂಟರ್‌ಸ್ಕೋಪ್ ನಡುವೆ ಆದ ರಾಜಿಯ ಪ್ರಕಾರ ಡ್ರೇಯ ಗಳಿಕೆಯಲ್ಲಿ ಒಂದು ಪಾಲು ಈಝಿಯ ಕಂಪನಿಗೆ ಸಲ್ಲಬೇಕಿತ್ತು. ತನ್ನನ್ನು ಬೈದ ಹಾಡು ಒಂದೊಂದು ಪ್ರತಿ ಮಾರಾಟವಾದಾಗಲೂ ಈಝಿಯ ಗಲ್ಲಾಪೆಟ್ಟಿಗೆಗೆ ಕಾಸು ಬೀಳುತ್ತಿತ್ತು. 1993ರ ತನ್ನ ಉತ್ತರದಲ್ಲಿ ಅವನು ಇದನ್ನು ಬಾಯಿಬಿಟ್ಟು ಹೇಳಿ ಜಂಬ ಕೊಚ್ಚಿಕೊಂಡ. ಸಾಲದ್ದಕ್ಕೆ, ಹಿಂದೊಮ್ಮೆ ಡ್ರೇ ಮಿನುಗು ಬಟ್ಟೆ ತೊಟ್ಟಿದ್ದ ಫೋಟೊವನ್ನೂ ರೆಕಾರ್ಡಿನ ಜೊತೆ ಅಚ್ಚುಹಾಕಿಸಿದ. ಬೈದವನಿಗೂ ದುಡ್ಡು, ಬೈಸಿಕೊಂಡವನಿಗೂ ದುಡ್ಡು. ಇದಕ್ಕಿಂತ ಒಳ್ಳೆಯ ಒಳಸಂಚನ್ನು ಯಾರೂ ಕಲ್ಪಿಸಿಕೊಳ್ಳಲಾರರು. ಆದರೆ ಇದು ಸಂಚಲ್ಲ, ವಕೀಲರು ಕೂತು ಬರೆದ ರಾಜಿಪತ್ರ.

ಸರ್ಕಾರ ಆಗ ಕಣ್ಣುಮುಚ್ಚಿ ಕುಳಿತಿತ್ತೆಂದಲ್ಲ. ಪೊಲೀಸರ ಮೇಲೆ ಎನ್‌ಡಬ್ಲ್ಯೂಎ ಹಾಡಿದ ಹಾಡನ್ನು ಆಕ್ಷೇಪಿಸಿ 1989ರ ಆಗಸ್ಟಿನಲ್ಲಿ ಎಫ್‌ಬಿಐನ ಮಿಲ್ಟ್ ಆಲರಿಚ್ ಎಂಬ ಅಧಿಕಾರಿ ಪ್ರಯಾರಿಟಿ ರೆಕಾರ್ಡ್ಸ್‌ಗೆ ಪತ್ರ ಬರೆದಿದ್ದರು. ಪತ್ರದಿಂದ ಹಾಡು ನಿಲ್ಲಲಿಲ್ಲ. ಅದಕ್ಕೆ ಸಿಕ್ಕ ಪ್ರಚಾರವನ್ನು ಕಂಪನಿ ಸಂತೋಷದಿಂದ ಉಪಯೋಗಿಸಿಕೊಂಡಿತು.

ಹೀಗೆ ಒಂದು ಕಡೆ ಸರ್ಕಾರದ ಹಳೆಯ ಪಾಪ, ಇನ್ನೊಂದು ಕಡೆ ಕಂಪನಿಗಳ ಕರಾರು. ಇವೆರಡೂ ಒಬ್ಬನೇ ಮನುಷ್ಯನ ಬದುಕಿನಲ್ಲಿ ಬಂದು ಕೂಡಿದವು. ರ‍್ಯಾಪರ್ ಟುಪಾಕ್ ಶಕೂರ್‌ನ ತಾಯಿ ಅಫೇನಿ ನ್ಯೂಯಾರ್ಕಿನ ಪ್ಯಾಂಥರ್ ಕಾರ್ಯಕರ್ತೆ. ಬಾಂಬ್ ಸಂಚಿನ ಆರೋಪದ ‘ಪ್ಯಾಂಥರ್ 21’ ಮೊಕದ್ದಮೆಯಲ್ಲಿ ಗರ್ಭಿಣಿಯಾಗಿದ್ದಾಗಲೇ ವಕೀಲರಿಲ್ಲದೆ ತಾವೇ ವಾದ ಮಾಡಿ, 1971ರ ಮೇನಲ್ಲಿ ಖುಲಾಸೆಯಾದರು. ಜೂನ್ 16ಕ್ಕೆ ಮಗ ಹುಟ್ಟಿದ. ಅದೇ ವರ್ಷದ ಮಾರ್ಚಿನಲ್ಲಿ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಫ್‌ಬಿಐ ಕಚೇರಿಗೆ ಕೆಲವರು ಕನ್ನ ಹಾಕಿ ಕಡತ ಹೊತ್ತೊಯ್ದಿದ್ದರಿಂದ ಜಗಳ ಹಚ್ಚುವ ಆ ಗುಪ್ತ ಕಾರ್ಯಕ್ರಮದ ಹೆಸರು ಹೊರಬಿದ್ದಿತ್ತು. ನಿನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಮಾತು ಆ ಮನೆಯಲ್ಲಿ ಹುಚ್ಚಿನ ಮಾತಾಗಿರಲಿಲ್ಲ.

1994ರ ನವೆಂಬರ್ 30ರ ರಾತ್ರಿ ನ್ಯೂಯಾರ್ಕಿನ ಕ್ವಾಡ್ ಸ್ಟುಡಿಯೊ ಬಾಗಿಲಲ್ಲಿ ಟುಪಾಕ್ ಮೇಲೆ ಗುಂಡು ಹಾರಿಸಿ ಒಡವೆ ದೋಚಿದರು. ಮೇಲಿನ ಮಹಡಿಯಲ್ಲಿ ಆಗ ಹಳೆಯ ಗೆಳೆಯ ನಟೋರಿಯಸ್ ಬಿಐಜಿ (ಎಲ್ಲರ ಬಾಯಲ್ಲಿ ‘ಬಿಗಿ’) ಮತ್ತು ಅವನ ಕಂಪನಿಯ ಯಜಮಾನ ಪಫಿ ಇದ್ದರು. ಲೈಂಗಿಕ ದೌರ್ಜನ್ಯದ ಮೊಕದ್ದಮೆಯೊಂದರಲ್ಲಿ ಶಿಕ್ಷೆಯಾಗಿ ಟುಪಾಕ್ ಜೈಲಿನಲ್ಲಿದ್ದ 1995ರ ಆರಂಭದಲ್ಲಿ ಬಿಗಿಯ ‘ಬಿಗ್ ಪಾಪಾ’ ರೆಕಾರ್ಡಿನ ಹಿಂಬದಿಯಲ್ಲಿ ‘ಹೂ ಶಾಟ್ ಯಾ?’ ಎಂಬ ಹಾಡು ಬಂತು. ಹಾಡಿನಲ್ಲಿ ಟುಪಾಕ್‌ನ ಹೆಸರಿಲ್ಲ. ದಾಳಿಗೆ ಮೊದಲೇ ರೆಕಾರ್ಡ್ ಆಗಿತ್ತು ಎಂದು ಬಿಗಿಯ ಕಡೆಯವರು ಹೇಳುತ್ತಲೇ ಬಂದರು. ಆದರೆ ಗುಂಡು ತಿಂದು ಒಳಗೆ ಕುಳಿತವನಿಗೆ “ನಿನಗೆ ಗುಂಡು ಹಾಕಿದ್ದು ಯಾರು” ಎಂಬ ಶೀರ್ಷಿಕೆ ಬೇರೆ ಹೇಗೆ ಕೇಳಿಸೀತು? ಅವನು ‘ವೈಬ್’ ಪತ್ರಿಕೆಗೆ ಸಂದರ್ಶನ ಕೊಟ್ಟ, ಷುಗ್ ನೈಟ್ ಜಾಮೀನಿಗೆ ದಾರಿ ಮಾಡಿ ಡೆತ್ ರೋಗೆ ಕರೆದೊಯ್ದ, 1996ರ ಜೂನಿನಲ್ಲಿ ‘ಹಿಟ್ ಎಮ್ ಅಪ್’ ಬಂತು. ಬಿಗಿಯನ್ನು, ಅವನ ಹೆಂಡತಿಯನ್ನು, ಕಂಪನಿಯನ್ನು ಯಾರನ್ನೂ ಬಿಡದೆ ಹರಿಹಾಯ್ದ ಹಾಡು. ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಟುಪಾಕ್‌ಗೆ ಗುಂಡು ಬಿತ್ತು, 13ರಂದು ಅವನು ಸತ್ತ. ಮುಂದಿನ ಮಾರ್ಚ್ 9ರಂದು ಲಾಸ್ ಏಂಜಲೀಸ್‌ನಲ್ಲಿ ಬಿಗಿಯ ಕೊಲೆಯಾಯಿತು. ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ.

ಯಾರ ಬಂಧನವೂ ಆಗದೆ ವರ್ಷಗಳು ಉರುಳಿದವು. ಆ ಖಾಲಿ ಜಾಗದಲ್ಲಿ ಹೆಣೆದ ಕಥೆಗಳಿಗೆ ಲೆಕ್ಕವಿಲ್ಲ. ಟುಪಾಕ್ ಸತ್ತು ಎರಡು ತಿಂಗಳಿಗೆ ಮಕಾವೆಲಿ ಎಂಬ ಹೆಸರಿನಲ್ಲಿ ‘ದಿ ಡಾನ್ ಕಿಲ್ಯುಮಿನಾಟಿ: ದಿ 7 ಡೇ ಥಿಯರಿ’ ಆಲ್ಬಂ ಬಂದಾಗ ಅಭಿಮಾನಿಗಳು ಕಾಗದ ಪೆನ್ಸಿಲ್ ಹಿಡಿದು ಕೂತರು. ಗುಂಡು ಬಿದ್ದದ್ದು 7ರಂದು. ವಯಸ್ಸು 25, ಎರಡಕ್ಕೆ ಐದು ಕೂಡಿದರೆ ಏಳು. ಸತ್ತನೆಂದು ಘೋಷಿಸಿದ್ದು ಸಂಜೆ 4:03ಕ್ಕೆ, ಅದೂ ಏಳು. ಇಟಲಿಯ ಮೆಕಿಯಾವೆಲ್ಲಿ ಸತ್ತಂತೆ ನಟಿಸಿ ಶತ್ರುಗಳನ್ನು ಏಮಾರಿಸಿದ ಎಂಬ ಆಧಾರವಿಲ್ಲದ ಐತಿಹ್ಯ ಜೊತೆಗೂಡಿತು. ಆಲ್ಬಂ ಸಿದ್ಧವಾಗಲು ಹಿಡಿದದ್ದು ಏಳು ದಿನ ಎಂಬ ಸಪ್ಪೆ ವಿವರಣೆ ಯಾರಿಗೂ ರುಚಿಸಲಿಲ್ಲ.

ಆ ಆಲ್ಬಂ ಹೆಸರಿನೊಳಗೆ ಅಡಗಿದ್ದ ಇಲ್ಯುಮಿನಾಟಿಯ ಮಾತು ರ‍್ಯಾಪ್ ಒಳಗೆ ಬಂದದ್ದು ಜೈಲುಗಳ ಮೂಲಕ. 1776ರಲ್ಲಿ ಬವೇರಿಯಾದ ಇಂಗೋಲ್‌ಸ್ಟಾಟ್‌ನಲ್ಲಿ ಆಡಮ್ ವೈಶಾಪ್ಟ್ ಎಂಬ ಪ್ರಾಧ್ಯಾಪಕ ಕಟ್ಟಿ, ಹತ್ತು ವರ್ಷ ತುಂಬುವುದರೊಳಗೆ ಅಲ್ಲಿನ ದೊರೆ ನಿಷೇಧಿಸಿದ ಒಂದು ಗುಪ್ತ ಕೂಟವದು. ಅದು ಇನ್ನೂ ಬದುಕಿದೆ, ಜಗತ್ತನ್ನೇ ಆಡಿಸುತ್ತಿದೆ ಎನ್ನುವ ಪುಸ್ತಕಗಳಲ್ಲಿ ವಿಲಿಯಂ ಕೂಪರ್‌ನ 1991ರ ‘ಬಿಹೋಲ್ಡ್ ಎ ಪೇಲ್ ಹಾರ್ಸ್’ ಅಮೆರಿಕದ ಜೈಲುಗಳಲ್ಲಿ ಕೈಬದಲಾಗುತ್ತ ಓದಿಸಿಕೊಂಡಿತು. ಯೆಹೂದ್ಯರ ವಿರುದ್ಧ ಹೊಸೆದ ಕುಖ್ಯಾತ ಸುಳ್ಳು ದಸ್ತಾವೇಜೊಂದನ್ನು ಕೂಪರ್ ಅದರಲ್ಲಿ ಇಡಿಯಾಗಿ ಅಚ್ಚುಹಾಕಿದ್ದ. ಮಾಬ್ ಡೀಪ್ ತಂಡದ ಪ್ರಾಡಿಜಿ 1995ರ ಹಾಡೊಂದರಲ್ಲಿ ಇಲ್ಯುಮಿನಾಟಿಯ ಹೆಸರೆತ್ತಿದ, ಮರುವರ್ಷ ಜೇ-ಝಿ ಆ ಸಾಲನ್ನು ತನ್ನ ಹಾಡಿಗೆ ಎತ್ತಿಕೊಂಡ. ಕೊನೆಗೆ ಜೇ-ಝಿಯೇ ಆ ಕೂಟದವನು ಎಂದು ಜನ ಆಡಿಕೊಂಡರು. ಟುಪಾಕ್ ಮಾತ್ರ ಸಂದರ್ಶನವೊಂದರಲ್ಲಿ ಇದನ್ನೆಲ್ಲ ಗೇಲಿ ಮಾಡಿದ್ದ. ಜೈಲಿನಲ್ಲಿ ಈ ಕಥೆ ಹೇಳುವವನಿಗೆ ಅಷ್ಟು ದೊಡ್ಡ ಗುಟ್ಟು ಗೊತ್ತಾದದ್ದು ಹೇಗೆ ಎಂಬುದು ಅವನ ಪ್ರಶ್ನೆ. ಆ ಮಾತನ್ನೇ ಕೊಲ್ಲಬೇಕೆಂದು ತಾನು ‘ಕಿಲ್’ ಸೇರಿಸಿದ್ದು ಎಂದೂ ಹೇಳಿದ್ದ. ಅವನ ಹೆಸರಿನಲ್ಲೇ ಆ ಕಥೆ ನೂರ್ಮಡಿಯಾಗಿ ಬೆಳೆಯಿತು.

ನೆಲದ ಮೇಲಿನ ಸಂಗತಿಗಳು ಇಷ್ಟು ಚಂದವಾಗಿ ಕೂಡಿಬರುವುದಿಲ್ಲ. 2008ರ ಮಾರ್ಚಿನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಎಫ್‌ಬಿಐ ದಾಖಲೆಗಳೆಂದು ಕೆಲವನ್ನು ಮುಂದಿಟ್ಟು, ಕ್ವಾಡ್ ಸ್ಟುಡಿಯೊ ದಾಳಿಯ ಸಂಚು ಬಿಗಿಯ ಕಡೆಯವರಿಗೆ ಮೊದಲೇ ಗೊತ್ತಿತ್ತೆಂದು ಬರೆಯಿತು. ‘ಸ್ಮೋಕಿಂಗ್ ಗನ್’ ಎಂಬ ಸುದ್ದಿತಾಣದವರು ಆ ಹಾಳೆಗಳನ್ನು ಹಿಡಿದು ನೋಡಿದರು. ಎಫ್‌ಬಿಐ ಕಂಪ್ಯೂಟರಿಗೆ ಬದಲಾಗಿ ಎಷ್ಟೋ ಕಾಲವಾಗಿದ್ದರೂ ಇವು ಟೈಪ್‌ರೈಟರಿನಲ್ಲಿ ಕುಟ್ಟಿದವು. ಕಾಗುಣಿತದ ತಪ್ಪುಗಳು ಜೈಲಿನಲ್ಲಿದ್ದ ಒಬ್ಬ ವಂಚಕ ಕೋರ್ಟಿಗೆ ತಾನೇ ಬರೆದುಕೊಂಡಿದ್ದ ಅರ್ಜಿಗಳ ತಪ್ಪುಗಳಿಗೆ ತಾಳೆಯಾಗುತ್ತಿದ್ದವು. ಏಪ್ರಿಲ್ 7ಕ್ಕೆ ಪತ್ರಿಕೆ ವರದಿಯನ್ನು ಹಿಂತೆಗೆದುಕೊಂಡಿತು. 1969ರಲ್ಲಿ ಎಫ್‌ಬಿಐ ಕಪ್ಪು ಹೋರಾಟಗಾರರ ಹೆಸರಿನಲ್ಲಿ ಖೋಟಾ ಚಿತ್ರ ಬರೆಸಿತ್ತು. ನಲವತ್ತು ವರ್ಷಕ್ಕೆ ಒಬ್ಬ ಕೈದಿ ಎಫ್‌ಬಿಐ ಹೆಸರಿನಲ್ಲೇ ಖೋಟಾ ಕಾಗದ ಸೃಷ್ಟಿಸಿ ದೊಡ್ಡ ಪತ್ರಿಕೆಯೊಂದನ್ನು ಬೋನಿಗೆ ಬೀಳಿಸಿದ.

ಹಾಗೆಂದು ಗುಮಾನಿಯವರನ್ನು ನಕ್ಕು ತಳ್ಳಿಹಾಕುವಂತೆಯೂ ಇಲ್ಲ. ಬಿಗಿಯ ಕುಟುಂಬ ಲಾಸ್ ಏಂಜಲೀಸ್ ನಗರದ ಮೇಲೆ ಹೂಡಿದ ದಾವೆಯ ವಿಚಾರಣೆ 2005ರಲ್ಲಿ ಅರ್ಧಕ್ಕೇ ರದ್ದಾಯಿತು, ಏಕೆಂದರೆ ಪೊಲೀಸರು ಪ್ರಕರಣಕ್ಕೆ ಸಂಬಂಧಿಸಿದ ಕಾಗದಗಳನ್ನು ಕೋರ್ಟಿಗೆ ಒಪ್ಪಿಸದೆ ಇಟ್ಟುಕೊಂಡಿದ್ದರು. ಆ ತಪ್ಪಿಗೆ ನಗರ ಸುಮಾರು 11 ಲಕ್ಷ ಡಾಲರ್ ವಕೀಲರ ಖರ್ಚು ತೆರಬೇಕಾಯಿತು. 2004ರಲ್ಲಿ ಮಯಾಮಿ ಹೆರಾಲ್ಡ್ ಪತ್ರಿಕೆ, ಅಲ್ಲಿನ ಪೊಲೀಸರು ರ‍್ಯಾಪರ್‌ಗಳ ಬೆನ್ನುಹತ್ತಿ ಓಡಾಡುತ್ತಿರುವುದನ್ನೂ ನ್ಯೂಯಾರ್ಕ್ ಪೊಲೀಸರು ಅವರ ಕುರಿತು ಕಡತ ಇಟ್ಟಿರುವುದನ್ನೂ ಹೊರಗೆಳೆಯಿತು. ಪೊಲೀಸರು ಹಿಂಬಾಲಿಸಿದ್ದು ನಿಜ, ಕಾಗದ ಬಚ್ಚಿಟ್ಟದ್ದೂ ನಿಜ. ಹಾಡು ಬರೆಸಿದರು ಎಂಬುದಕ್ಕೆ ಮಾತ್ರ ಯಾವ ಪುರಾವೆಯೂ ಸಿಕ್ಕಿಲ್ಲ. 2023ರ ಸೆಪ್ಟೆಂಬರಿನಲ್ಲಿ ಟುಪಾಕ್ ಕೊಲೆಯ ಆರೋಪದ ಮೇಲೆ ಡ್ವೇನ್ ಡೇವಿಸ್ ಎಂಬಾತನನ್ನು ಬಂಧಿಸಿದಾಗ ಸರ್ಕಾರಿ ವಕೀಲರು ಮುಂದಿಟ್ಟ ಕಾರಣದಲ್ಲಿ ಇಲ್ಯುಮಿನಾಟಿಯೂ ಇರಲಿಲ್ಲ, ‘ಹಿಟ್ ಎಮ್ ಅಪ್’ ಕೂಡ ಇರಲಿಲ್ಲ. ಟುಪಾಕ್‌ಗೆ ಗುಂಡು ಬಿದ್ದ ದಿನ ಸಂಜೆ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ ಟೈಸನ್ ಪಂದ್ಯ ಮುಗಿದ ಮೇಲೆ ಟುಪಾಕ್ ಕಡೆಯವರು ಡೇವಿಸ್‌ನ ಸೋದರಳಿಯನಿಗೆ ಹೊಡೆದಿದ್ದರು, ಅದಕ್ಕೆ ಸೇಡು ಎಂಬುದು ಅವರ ವಾದ. ಡೇವಿಸ್ ಆರೋಪ ನಿರಾಕರಿಸಿದ್ದಾನೆ.

ಎರಡು ಹೆಣ ಬಿದ್ದ ಮೇಲೆ ಕಂಪನಿಗಳು ಜಗಳವನ್ನು ಹದವರಿತು ನಡೆಸಲು ಕಲಿತವು. 2001ರಲ್ಲಿ ಜೇ-ಝಿ ‘ಟೇಕೋವರ್’ನಲ್ಲಿ ನಾಸ್‌ನನ್ನು ಕೆಣಕಿದ, ವರ್ಷಾಂತ್ಯಕ್ಕೆ ನಾಸ್ ‘ಈಥರ್’ನಲ್ಲಿ ಉತ್ತರಿಸಿದ. ಹಾಟ್ 97 ರೇಡಿಯೊ ಕೇಳುಗರ ಮತಕ್ಕೇ ಬಿಟ್ಟಿತು, ನಾಸ್ ಗೆದ್ದ. 2005ರ ಅಕ್ಟೋಬರಿನಲ್ಲಿ ‘ಯುದ್ಧ ಸಾರುತ್ತೇನೆ’ ಎಂದು ಹೆಸರಿಟ್ಟ ಕಾರ್ಯಕ್ರಮದಲ್ಲಿ ಜೇ-ಝಿ ನಾಸ್‌ನನ್ನೇ ವೇದಿಕೆಗೆ ಕರೆದು ಕೈಕುಲುಕಿದ. ಕೆಲವೇ ತಿಂಗಳಲ್ಲಿ, ಜೇ-ಝಿ ಅಧ್ಯಕ್ಷನಾಗಿದ್ದ ಡೆಫ್ ಜ್ಯಾಮ್ ಕಂಪನಿಗೆ ನಾಸ್ ಸಹಿ ಹಾಕಿದ. ಇದೆಲ್ಲ ಮೊದಲಿನಿಂದ ನಾಟಕ ಎಂದವರಿದ್ದರು. ಆದರೆ ಆ ಎರಡು ಹಾಡುಗಳಲ್ಲಿ ಒಬ್ಬರನ್ನು ಇನ್ನೊಬ್ಬರು ಹೀಗಳೆದ ರೀತಿ ನೋಡಿದರೆ ನಾಟಕಕ್ಕೆ ಅಷ್ಟು ನಂಜು ಬೇಕಿರಲಿಲ್ಲ. ನಾಟಕದ ವಾಸನೆ ಜೋರಾಗಿ ಬಂದದ್ದು 50 ಸೆಂಟ್ ಸುತ್ತ. 2005ರ ಫೆಬ್ರುವರಿ 28ರಂದು ಅವನು ರೇಡಿಯೊದಲ್ಲಿ ಶಿಷ್ಯ ಗೇಮ್‌ನನ್ನು ಗುಂಪಿನಿಂದ ಹೊರಹಾಕಿದ, ಹೊರಗೆ ಗುಂಡು ಹಾರಿ ಒಬ್ಬನಿಗೆ ಗಾಯವಾಯಿತು. ಆ ವಾರವೇ 50 ಸೆಂಟ್‌ನ ‘ದಿ ಮ್ಯಾಸಕರ್’ ಆಲ್ಬಂ ಬಿಡುಗಡೆ. ಮಾರ್ಚ್ 9ರಂದು ಹಾರ್ಲೆಮ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು ಇಬ್ಬರೂ ರಾಜಿಯಾದರು, ಆ ರಾಜಿ ಬಹುಕಾಲ ಬಾಳಲಿಲ್ಲ. 2007ರ ಸೆಪ್ಟೆಂಬರ್ 11ರಂದು ಅವನ ಆಲ್ಬಂ, ಕಾನ್ಯೆ ವೆಸ್ಟ್‌ನ ಆಲ್ಬಂ ಒಂದೇ ದಿನ ಬಂದವು. ಸೋತರೆ ಇನ್ನು ಒಂಟಿಯಾಗಿ ಆಲ್ಬಂ ಮಾಡುವುದಿಲ್ಲ ಎಂದು 50 ಸೆಂಟ್ ಪಣ ತೊಟ್ಟಿದ್ದ. ಮೊದಲ ವಾರ ಕಾನ್ಯೆಯದು 9,57,000 ಪ್ರತಿ, 50 ಸೆಂಟ್‌ನದು 6,91,000. ಪಣ ಗಾಳಿಗೆ ಹೋಯಿತು. ಎರಡೂ ಆಲ್ಬಂಗಳ ಹಣ ಸೇರಿದ್ದು ಯೂನಿವರ್ಸಲ್ ಮ್ಯೂಸಿಕ್ ಎಂಬ ಒಂದೇ ಸಮೂಹಕ್ಕೆ.

2012ರಲ್ಲಿ ಒಂದು ಅನಾಮಿಕ ಪತ್ರ ಹರಿದಾಡಿತು. 1991ರಲ್ಲಿ ಲಾಸ್ ಏಂಜಲೀಸ್ ಹೊರವಲಯದ ಮನೆಯೊಂದರಲ್ಲಿ ಸಂಗೀತ ಕಂಪನಿಗಳ ದೊಡ್ಡವರನ್ನು ಸೇರಿಸಿ, ಗುಟ್ಟು ಬಿಡುವುದಿಲ್ಲವೆಂದು ಸಹಿ ಹಾಕಿಸಿಕೊಂಡು, ಖಾಸಗಿ ಜೈಲುಗಳನ್ನು ತುಂಬಿಸಲು ಹಿಂಸೆಯ ರ‍್ಯಾಪ್ ಬೆಳೆಸಿ ಎಂದು ಹೇಳಿದರಂತೆ. ಬರೆದವನಿಗೆ ಹೆಸರಿಲ್ಲ, ಸಭೆಗೆ ಸಾಕ್ಷಿಯಿಲ್ಲ. ಅಮೆರಿಕದಲ್ಲಿ ಖಾಸಗಿ ಜೈಲು ಕಂಪನಿಗಳಿದ್ದದ್ದು ನಿಜ, ಅಂಥದ್ದೊಂದು 1983ರಲ್ಲೇ ನ್ಯಾಶ್‌ವಿಲ್‌ನಲ್ಲಿ ಹುಟ್ಟಿತ್ತು. ಕಪ್ಪು ಯುವಕರು ಲೆಕ್ಕವಿಲ್ಲದಷ್ಟು ಜೈಲು ಸೇರಿದ್ದೂ ನಿಜ. ನಿಜದ ಎರಡು ಗೂಟದ ನಡುವೆ ಪತ್ರ ತನ್ನ ಹಗ್ಗ ಕಟ್ಟಿತ್ತು.

ಇನ್ನು 2024. ಮಾರ್ಚಿನಲ್ಲಿ ‘ಲೈಕ್ ದ್ಯಾಟ್’ ಹಾಡಿನಲ್ಲಿ ಕೆಂಡ್ರಿಕ್ ಲಮಾರ್ ಡ್ರೇಕ್‌ನನ್ನೂ ಜೆ. ಕೋಲ್‌ನನ್ನೂ ಕೆಣಕಿದ. ಕೋಲ್ ಒಂದು ಉತ್ತರ ಬಿಟ್ಟು, ಎರಡೇ ದಿನಕ್ಕೆ ವೇದಿಕೆಯಲ್ಲಿ ಕ್ಷಮೆ ಕೇಳಿ ಹಿಂದೆ ಸರಿದ. ಡ್ರೇಕ್ ಕೃತಕ ಬುದ್ಧಿಮತ್ತೆಯಿಂದ ಟುಪಾಕ್‌ನ ದನಿಯನ್ನೇ ಮರುಸೃಷ್ಟಿಸಿ ಹಾಡಿಸಿದ, ಟುಪಾಕ್ ಆಸ್ತಿಯ ವಾರಸುದಾರರ ನೋಟಿಸು ಬಂದ ಮೇಲೆ ತೆಗೆದುಹಾಕಿದ. ಮೇ ತಿಂಗಳ ಮೊದಲ ವಾರಾಂತ್ಯದಲ್ಲಂತೂ ಗಂಟೆಗಳ ಅಂತರದಲ್ಲಿ ಹಾಡಿಗೆ ಹಾಡು ಬಿತ್ತು. ಕೆಂಡ್ರಿಕ್‌ನ ಒಂದು ಹಾಡಿನ ಹೆಸರಿನಲ್ಲಿ 6:16 ಎಂದಿದ್ದದ್ದೇ ತಡ, ಟುಪಾಕ್ ಕಾಲದ ಗಣಿತ ಮತ್ತೆ ಜೀವ ತಳೆಯಿತು: ಜೂನ್ 16 ಟುಪಾಕ್ ಹುಟ್ಟಿದ ದಿನ, ಆ ವರ್ಷದ ಅಪ್ಪಂದಿರ ದಿನ, ಡ್ರೇಕ್ ನಿರ್ಮಾಪಕರಲ್ಲೊಬ್ಬನಾಗಿದ್ದ ‘ಯುಫೋರಿಯಾ’ ಧಾರಾವಾಹಿ 2019ರಲ್ಲಿ ಶುರುವಾದ ದಿನ. ಮೇ 4ರಂದು ಬಂದ ‘ನಾಟ್ ಲೈಕ್ ಅಸ್’ ಡ್ರೇಕ್ ಮೇಲೆ ಅಪ್ರಾಪ್ತೆಯರ ವಿಷಯದ ಹೀನ ಆರೋಪ ಹೊರಿಸಿತು. ಡ್ರೇಕ್ ಅದನ್ನು ಅಲ್ಲಗಳೆದ. ಕುಣಿತದ ತಾಳವಿದ್ದ ಆ ಹಾಡು 2025ರ ಫೆಬ್ರುವರಿಯಲ್ಲಿ ಐದು ಗ್ರ್ಯಾಮಿ ಗೆದ್ದಿತು, ಅದರ ಮರುವಾರ ಸೂಪರ್ ಬೌಲ್ ವಿರಾಮದಲ್ಲಿ ಕೋಟ್ಯಂತರ ಜನರ ಮುಂದೆ ಮೊಳಗಿತು.

ಡ್ರೇಕ್‌ನ ಹಾಡು ಹೊರತರುವ ರಿಪಬ್ಲಿಕ್, ಕೆಂಡ್ರಿಕ್‌ನ ಹಾಡು ಹೊರತರುವ ಇಂಟರ್‌ಸ್ಕೋಪ್ ಎರಡೂ ಯೂನಿವರ್ಸಲ್‌ನವೇ. ಈ ಸಲ ಕಾಣದ ಕೈಯ ಮಾತೆತ್ತಿದವರು ಅಭಿಮಾನಿಗಳಲ್ಲ, ಡ್ರೇಕ್‌ನ ವಕೀಲರು. ಯಂತ್ರಗಳಿಂದ ಸುಳ್ಳು ಕೇಳುಗರನ್ನು ಸೃಷ್ಟಿಸಿ, ದುಡ್ಡು ಕೊಟ್ಟು ಯೂನಿವರ್ಸಲ್ ‘ನಾಟ್ ಲೈಕ್ ಅಸ್’ ಹಾಡನ್ನು ಎತ್ತಿಹಿಡಿಯಿತು ಎಂದು 2024ರ ನವೆಂಬರಿನ ಅರ್ಜಿಗಳಲ್ಲಿ ಆರೋಪಿಸಿದರು. 2025ರ ಜನವರಿಯಲ್ಲಿ ಹೂಡಿದ ಮಾನನಷ್ಟ ದಾವೆಯಲ್ಲಿ ಕಾರಣವನ್ನೂ ಹೇಳಿದರು: ಡ್ರೇಕ್‌ನ ಕರಾರು ನವೀಕರಣದ ಮಾತುಕತೆ ಹತ್ತಿರವಿತ್ತು, ಅವನ ಬೆಲೆ ಇಳಿಸಿದರೆ ಕಂಪನಿಗೆ ಲಾಭವಿತ್ತು. ಯೂನಿವರ್ಸಲ್ ಇದೆಲ್ಲ ಸುಳ್ಳೆಂದಿತು. ಹಿಂದಿನ ಸಂಚುಗಳಿಗೆ ಹೋಲಿಸಿದರೆ ಇದು ಗಟ್ಟಿ ನೆಲದ ಮೇಲಿನ ಆರೋಪ. ಲಂಚ ಕೊಟ್ಟು ರೇಡಿಯೊದಲ್ಲಿ ಹಾಡು ಹಾಕಿಸುವ ‘ಪೇಯೋಲಾ’ ಅಲ್ಲಿನ ಹಳೆಯ ರೋಗ. 1960ರಲ್ಲೇ ಅದರ ವಿರುದ್ಧ ಕಾನೂನು ಬಂದಿತ್ತು, 2005ರಲ್ಲಿ ಸೋನಿ ಬಿಎಂಜಿ ಇಂಥದೇ ಪ್ರಕರಣದಲ್ಲಿ 1 ಕೋಟಿ ಡಾಲರ್ ಕಟ್ಟಿತ್ತು.

2025ರ ಅಕ್ಟೋಬರ್ 9ರಂದು ನ್ಯಾಯಾಧೀಶೆ ಜೆನೆಟ್ ವರ್ಗಾಸ್ ದಾವೆ ವಜಾ ಮಾಡಿದರು. ಜಿದ್ದಿಗೆ ಬಿದ್ದು ಒಬ್ಬರನ್ನೊಬ್ಬರು ಹೀಗಳೆಯುವ ಹಾಡಿನ ಮಾತನ್ನು ಬುದ್ಧಿ ನೆಟ್ಟಗಿರುವ ಕೇಳುಗ ಸತ್ಯಸಂಗತಿಯೆಂದು ಎಣಿಸುವುದಿಲ್ಲ ಎಂಬುದು ತೀರ್ಪಿನ ತಿರುಳು. ಪೂರ್ಣ ವಿಚಾರಣೆಯ ಹಂತಕ್ಕೆ ಪ್ರಕರಣ ಹೋಗಲೇ ಇಲ್ಲ; ಡ್ರೇಕ್ ಮೇಲ್ಮನವಿ ಹಾಕಿದ. ಯೂನಿವರ್ಸಲ್‌ನ ವಕೀಲರು ನ್ಯಾಯಾಲಯಕ್ಕೆ ತೋರಿಸಿದ ಕಾಗದಗಳಲ್ಲಿ 2022ರ ಒಂದು ಬಹಿರಂಗ ಪತ್ರವೂ ಇತ್ತು. ರ‍್ಯಾಪ್ ಹಾಡಿನ ಸಾಲುಗಳನ್ನು ಅಕ್ಷರಶಃ ನಿಜವೆಂದು ಓದಿ ಕಪ್ಪು ಕಲಾವಿದರನ್ನು ಜೈಲಿಗೆ ಕಳಿಸಬೇಡಿ ಎಂದು ಸರ್ಕಾರಿ ವಕೀಲರನ್ನು ಒತ್ತಾಯಿಸಿದ್ದ ಆ ಪತ್ರಕ್ಕೆ ಸಹಿ ಹಾಕಿದವರ ಪಟ್ಟಿಯಲ್ಲಿ ಡ್ರೇಕ್‌ನ ಹೆಸರೂ ಇದೆ.